'ಪಿತ್ತ ಆಗಿದೆ ಬಿಡಿ': ನಾಯಿಯ ಪಿತ್ತಕೋಶದ ಆಪರೇಷನ್ ಬಗ್ಗೆ

ಬೆಳಗ್ಗೆ ಎದ್ದ ನಾಯಿ ಅಂಗಳದ ಹುಲ್ಲು ಕಿತ್ತು ತಿಂದು ಹಳದಿ ನೊರೆ ಕಕ್ಕಿದರೆ ಬೆಂಗಳೂರಿನ ಮನೆಗಳಲ್ಲಿ ಯಾರೂ ಗಾಬರಿಯಾಗುವುದಿಲ್ಲ. 'ಪಿತ್ತ ಆಗಿದೆ ಬಿಡಿ, ಮಧ್ಯಾಹ್ನದೊಳಗೆ ಸರಿಹೋಗುತ್ತೆ' ಅನ್ನುತ್ತಾರೆ ಪಕ್ಕದ ಮನೆಯ ಅಜ್ಜಿ. ಬಹಳಷ್ಟು ಸಲ ಅಜ್ಜಿ ಹೇಳಿದ್ದೇ ಸರಿ. ರಾತ್ರಿ ಎಂಟಕ್ಕೆ ಊಟ ಹಾಕಿ ಮರುದಿನ ಒಂಬತ್ತರವರೆಗೆ ಬಟ್ಟಲು ಖಾಲಿ ಇಟ್ಟರೆ, ಕರುಳಿನ ಪಿತ್ತರಸ ಹಿಂದಕ್ಕೆ ಹೊಟ್ಟೆಗೆ ನುಗ್ಗಿ ಕೆರಳಿಸುತ್ತದೆ. ಮಲಗುವ ಮುಂಚೆ ಒಂದು ಹಿಡಿ ಆಹಾರ ಕೊಟ್ಟರೆ ನಿಂತುಹೋಗುತ್ತದೆ. ತೊಂದರೆ ಇರುವುದು ಮಾತಿನಲ್ಲಿ. ನಮ್ಮಲ್ಲಿ ತಲೆ ಸುತ್ತಿದರೂ ಪಿತ್ತ, ಬಾಯಿ ಕಹಿಯಾದರೂ ಪಿತ್ತ, ಸಿಟ್ಟು ಬಂದರೆ ನೆತ್ತಿಗೇರುವುದೂ ಅದೇ. ಇಷ್ಟು ಸಲಿಗೆಯ ಪದವಾಗಿರುವುದರಿಂದಲೇ, ಪಿತ್ತಕೋಶ ನಿಜವಾಗಿ ಕೆಟ್ಟ ದಿನವೂ ಮನೆಯವರು ಅದೇ ಮಾತು ಹೇಳಿಕೊಂಡು ಎರಡು ಮೂರು ದಿನ ಕಳೆದುಬಿಡುತ್ತಾರೆ.

ಪಿತ್ತಕೋಶ ಎಂಬುದು ಲಿವರ್‌ನ ಹಾಲೆಗಳ ನಡುವೆ ಬಲಕ್ಕೆ ಹುದುಗಿರುವ ಸಣ್ಣ ಚೀಲ. ಹತ್ತು ಕೆ.ಜಿ. ತೂಗುವ ನಾಯಿಯಲ್ಲಿ ಹೆಚ್ಚುಕಡಿಮೆ 10 ಮಿ.ಲೀ. ಹಿಡಿಯುತ್ತದೆ, ಎರಡು ಟೀ ಚಮಚದಷ್ಟು. ಲಿವರ್ ದಿನವಿಡೀ ತಯಾರಿಸುವ ಪಿತ್ತರಸವನ್ನು ತುಂಬಿಟ್ಟುಕೊಂಡು, ಅದರ ನೀರಂಶ ಹೀರಿ ಮಂದ ಮಾಡಿ, ಊಟ ಬಿದ್ದಾಗ ಹಿಂಡುವುದು ಅದರ ಕೆಲಸ. ಹಿಂಡಿದ್ದು ಸುಮಾರು 3 ಮಿ.ಮೀ. ಅಗಲದ ಒಂದೇ ನಾಳದಲ್ಲಿ ಇಳಿದು ಸಣ್ಣ ಕರುಳಿನ ಮೊದಲ ಭಾಗವನ್ನು ಸೇರುತ್ತದೆ. ಆ ನಾಳ ತೆರೆದುಕೊಳ್ಳುವ ಜಾಗದ ಮಗ್ಗುಲಲ್ಲೇ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ). ಅಲ್ಲಿ ಊತ ಬಂದರೆ ಇಲ್ಲಿ ನಾಳ ಅಮುಕುತ್ತದೆ, ಇಲ್ಲಿ ಕೈಯಾಡಿಸಿದರೆ ಅಲ್ಲಿ ಊತ ಬರುತ್ತದೆ. ಹಳೇ ಪೇಟೆಯ ಗಲ್ಲಿಗಳ ಹಾಗೆ, ಒಬ್ಬರ ಮನೆಯ ಗೋಡೆ ಮುಟ್ಟದೆ ಇನ್ನೊಬ್ಬರ ಮನೆ ರಿಪೇರಿ ಆಗುವುದಿಲ್ಲ.

ಗಾಲ್‌ಬ್ಲಾಡರ್ ಅಂದ ಕೂಡಲೇ ನಮಗೆ ಹೊಳೆಯುವುದು ಕಲ್ಲು, ಏಕೆಂದರೆ ಮನುಷ್ಯರಲ್ಲಿ ಅದೇ ಹೆಚ್ಚು. ನಾಯಿಗಳಲ್ಲಿ ಕಲ್ಲು ಅಷ್ಟು ದೊಡ್ಡ ತಂಟೆಯಲ್ಲ. ಆಪರೇಷನ್ ಟೇಬಲ್ಲಿಗೆ ತರುವ ಮುಖ್ಯ ಕಾಯಿಲೆಯ ಹೆಸರು ಮ್ಯೂಕೋಸೀಲ್. ಚೀಲದ ಒಳಪದರ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಲೋಳೆ ಸುರಿಸತೊಡಗುತ್ತದೆ. ಮೊದಲು ಬೆಂಡೆಕಾಯಿ ಲೋಳೆಯ ಹದ, ಆಮೇಲೆ ಅದು ಪದರ ಪದರವಾಗಿ ಕಟ್ಟಿಕೊಳ್ಳುತ್ತದೆ. ತೆಗೆದ ಪಿತ್ತಕೋಶವನ್ನು ಸ್ಟೀಲ್ ಟ್ರೇ ಮೇಲೆ ಇಟ್ಟು ಸೀಳಿದರೆ ರಸ ಹರಿಯುವುದಿಲ್ಲ. ಕಪ್ಪು ಮಿಶ್ರಿತ ಹಸಿರು ಮುದ್ದೆಯೊಂದು ಚೀಲದ ಆಕಾರದಲ್ಲೇ ಹೊರಜಾರಿ ಕೂರುತ್ತದೆ. ಚಾಕುವಿನಲ್ಲಿ ತುಂಡು ಮಾಡಿದರೆ ಅಂಚು ನಿಲ್ಲುತ್ತದೆ, ತಟ್ಟೆಗೆ ಹೊಯ್ದು ಆರಿಸಿದ ರಾಗಿ ಹಾಲುಬಾಯಿಯ ಹಾಗೆ. ಇಂಥದ್ದನ್ನು ಚೀಲ ಹಿಂಡಲಾರದು. ಒಳಗಿನಿಂದ ಒತ್ತಡ ಏರಿದ ಹಾಗೆ ಗೋಡೆಗೆ ರಕ್ತ ಸಾಲದಾಗಿ, ಒಂದು ಕಡೆ ಕೊಳೆತು ತೂತು ಬೀಳುತ್ತದೆ. ತೂತು ಬಿದ್ದ ಮೇಲೆ ಅದು ಪಿತ್ತಕೋಶದ ಕಾಯಿಲೆಯಾಗಿ ಉಳಿಯುವುದಿಲ್ಲ, ಇಡೀ ಹೊಟ್ಟೆಯ ಕಾಯಿಲೆಯಾಗುತ್ತದೆ.

ಸ್ಕ್ಯಾನಿಂಗ್‌ನಲ್ಲಿ, ಅಂದರೆ ಅಲ್ಟ್ರಾಸೌಂಡಿನಲ್ಲಿ, ಇದಕ್ಕೆ ಒಂದು ಪ್ರಸಿದ್ಧ ಗುರುತಿದೆ. ನಡುವೆ ನಕ್ಷತ್ರದ ಆಕಾರ, ಸುತ್ತ ಗೆರೆಗಳು: ಅಡ್ಡ ಕೊಯ್ದ ಕಿವಿ ಹಣ್ಣು. (ಕನ್ನಡದಲ್ಲಿ ಇದನ್ನು ಹೇಳುವಾಗ 'ಹಣ್ಣು' ಅನ್ನುವುದನ್ನು ಒತ್ತಿ ಹೇಳಬೇಕು. 'ಕಿವಿ ಥರ ಕಾಣ್ತಿದೆ' ಅಂದರೆ ಮನೆಯವರು ನಾಯಿಯ ಕಿವಿ ನೋಡುತ್ತಾರೆ.) ಆದರೆ ಎಲ್ಲ ರಿಪೋರ್ಟಿನಲ್ಲೂ ಬರುವ ಇನ್ನೊಂದು ಪದ ಸ್ಲಜ್, ಅಂದರೆ ತಳಕ್ಕೆ ಇಳಿದ ಮಂದ ಗಸಿ. ವಯಸ್ಸಾದ ನಾಯಿಗಳಲ್ಲಿ ಇದು ಸಾಮಾನ್ಯ, ಅದಕ್ಕೆ ಯಾರೂ ಹೊಟ್ಟೆ ಕೊಯ್ಯುವುದಿಲ್ಲ. ಎರಡನ್ನೂ ಬೇರೆ ಮಾಡುವ ಉಪಾಯ ಸರಳವಾಗಿದೆ: ನಾಯಿಯನ್ನು ಮಗ್ಗುಲು ಬದಲಿಸಿ ಅಥವಾ ನಿಲ್ಲಿಸಿ ಮತ್ತೆ ನೋಡುವುದು. ಗಸಿಯಾದರೆ ಜಾರಿ ಹೊಸ ತಳಕ್ಕೆ ಇಳಿಯುತ್ತದೆ. ಮ್ಯೂಕೋಸೀಲ್ ಇದ್ದಲ್ಲೇ ಇರುತ್ತದೆ. ಈ ಎರಡರ ನಡುವಿನ ಸ್ಥಿತಿಯೂ ಉಂಟು. ಆಗ ನಾಲ್ಕರಿಂದ ಆರು ವಾರ ಬಿಟ್ಟು ಸ್ಕ್ಯಾನ್ ಮತ್ತೆ ಮಾಡಿಸುವುದೇ ಜಾಣತನ, ಸಾಧ್ಯವಾದರೆ ಮೊದಲು ಮಾಡಿದವರ ಕೈಯಲ್ಲೇ. ಸ್ಕ್ಯಾನಿಗೆ ಮುಂಚೆ ಎಂಟು ಗಂಟೆಯಾದರೂ ಊಟ ಕೊಡಬೇಡಿ. ತಿಂದ ನಾಯಿಯ ಪಿತ್ತಕೋಶ ಹಿಂಡಿಕೊಂಡಿರುತ್ತದೆ, ಹೊಟ್ಟೆಯ ಗಾಳಿ ಚಿತ್ರವನ್ನು ಮರೆಮಾಡುತ್ತದೆ.

ಸ್ಕ್ಯಾನಿಂಗ್ ಎಲ್ಲವನ್ನೂ ತೋರಿಸುತ್ತದೆ ಎಂಬ ನಂಬಿಕೆಗೂ ಒಂದು ಮಿತಿ ಇದೆ. 2007ರಿಂದ 2016ರವರೆಗಿನ 219 ನಾಯಿಗಳ ದಾಖಲೆ ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಡೆದ ಪಿತ್ತಕೋಶಗಳ ಪೈಕಿ ಸ್ಕ್ಯಾನ್ ಪತ್ತೆಹಚ್ಚಿದ್ದು ನೂರಕ್ಕೆ 56ರಷ್ಟನ್ನು ಮಾತ್ರ. 'ಒಡೆದಿದೆ' ಎಂದರೆ ಬಹುಮಟ್ಟಿಗೆ ನಂಬಬಹುದು. 'ಒಡೆದ ಹಾಗಿಲ್ಲ' ಎಂದರೆ ನೆಮ್ಮದಿಯಾಗಿ ಮನೆಗೆ ಹೋಗುವಂತಿಲ್ಲ. ಹೊಟ್ಟೆಯಲ್ಲಿ ನೀರು ಕಂಡರೆ ಸೂಜಿಯಲ್ಲಿ ಸ್ವಲ್ಪ ತೆಗೆದು, ಅದರ ಬಿಲಿರುಬಿನ್ನನ್ನು (ಪಿತ್ತದ ಹಳದಿ ಬಣ್ಣದ ಅಂಶ) ರಕ್ತದ ಬಿಲಿರುಬಿನ್ ಜೊತೆ ಹೋಲಿಸಬೇಕು. ಎರಡು ಪಟ್ಟು ಮೀರಿದ್ದರೆ ಪಿತ್ತ ಸೋರಿದೆ ಎಂದೇ ಅರ್ಥ. ಆದರೆ ಲೋಳೆ ಗಟ್ಟಿಯಾಗಿ ಲಿವರ್ ಹಾಲೆಗಳ ನಡುವೆಯೇ ಸಿಕ್ಕಿಕೊಂಡಿದ್ದರೆ ಈ ಲೆಕ್ಕವೂ ಕೈಕೊಡಬಹುದು.

ನಮ್ಮ ಊರಿನ ವಿಶೇಷ ತೊಡಕು ಬೇರೆಯೇ ಇದೆ. ಇಲ್ಲಿ ಊಟ ಬಿಟ್ಟ, ವಾಂತಿ ಮಾಡುವ, ಕಣ್ಣಿನ ಬಿಳಿ ಹಳದಿಯಾದ ನಾಯಿ ಬಂದರೆ ಮೊದಲು ನೆನಪಾಗುವುದು ಉಣ್ಣೆ ಹುಳು ಕಚ್ಚಿ ಬರುವ ಉಣ್ಣೆ ಜ್ವರ, ಮಳೆಗಾಲವಾದರೆ ಇಲಿ ಜ್ವರ. ತಪ್ಪೇನಲ್ಲ. ಉಣ್ಣೆ ಜ್ವರ ತರುವ ಎರ್ಲಿಕಿಯಾ, ಬೆಬೀಸಿಯಾ, ಇಲಿ ಜ್ವರ ತರುವ ಲೆಪ್ಟೋಸ್ಪೈರಾ ಮೂರೂ ಬೆಂಗಳೂರಿನಲ್ಲಿ ಹೊಸವಲ್ಲ. ಬೆಬೀಸಿಯಾದಲ್ಲಿ ಕೆಂಪು ರಕ್ತಕಣ ಒಡೆದು ಕಾಮಾಲೆ ಬರುತ್ತದೆ, ಆಗ ಒಸಡು ಬಿಳಚಿಕೊಂಡಿರುತ್ತದೆ, ರಕ್ತದ ಪಿಸಿವಿ (ಕೆಂಪು ಕಣಗಳ ಪ್ರಮಾಣ) ಇಳಿದಿರುತ್ತದೆ. ಪಿತ್ತನಾಳ ಕಟ್ಟಿದ ನಾಯಿಯಲ್ಲಿ ಪಿಸಿವಿ ಹೆಚ್ಚಾಗಿ ಸರಿಯಿದ್ದು, ಎಎಲ್‌ಪಿ, ಜಿಜಿಟಿ ಎಂಬ ಲಿವರ್ ಕಿಣ್ವಗಳು, ಕೊಲೆಸ್ಟೆರಾಲ್ ಒಟ್ಟಿಗೆ ಏರಿರುತ್ತವೆ. ಉಣ್ಣೆ ಜ್ವರದ ಟೆಸ್ಟ್ ಪಾಸಿಟಿವ್ ಬಂದ ಮಾತ್ರಕ್ಕೆ ಹುಡುಕಾಟ ನಿಲ್ಲಿಸಬಾರದು. ಹಳೆಯ ಸೋಂಕಿನ ಪ್ರತಿಕಾಯಗಳು ರಕ್ತದಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತವೆ, ಪಿತ್ತಕೋಶ ಅದರ ಮರೆಯಲ್ಲಿ ಕೊಳೆಯುತ್ತಿರುತ್ತದೆ. ನಾಲ್ಕೈದು ದಿನ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೂ ಹಳದಿ ಇಳಿಯದಿದ್ದರೆ, ಅಥವಾ ಬಲಗಡೆ ಪಕ್ಕೆಲುಬಿನ ಕೆಳಗೆ ಒತ್ತಿದಾಗ ಬೆನ್ನು ಬಿಲ್ಲಾಗಿಸಿದರೆ, ಸ್ಕ್ಯಾನ್ ಅದೇ ದಿನ ಆಗಲಿ. ಇನ್ನು, ಕಾಮಾಲೆಗೆಂದು ನೆಲನೆಲ್ಲಿ ಅರೆದು ಹಾಲಿನಲ್ಲಿ ಕುಡಿಸುವವರಿಗೆ ಒಂದು ಮಾತು: ಕಟ್ಟಿದ ನಾಳವನ್ನು ಯಾವ ಸೊಪ್ಪೂ ಬಿಡಿಸುವುದಿಲ್ಲ, ಹೋಗುವುದು ನಾಯಿಯ ಸಮಯ.

ಯಾವ ನಾಯಿಗೆ ಬರುತ್ತದೆ? ಹೊರದೇಶದ ಪಟ್ಟಿಗಳಲ್ಲಿ ಶೆಟ್‌ಲ್ಯಾಂಡ್ ಶೀಪ್‌ಡಾಗ್, ಮಿನಿಯೇಚರ್ ಷ್ನಾಜರ್, ಬಾರ್ಡರ್ ಟೆರಿಯರ್, ಕಾಕರ್ ಸ್ಪಾನಿಯಲ್, ಪೊಮೇರಿಯನ್ ಮುಂದೆ ಇವೆ. ನಮ್ಮಲ್ಲಿ ಮಲ್ಲೇಶ್ವರ, ಜಯನಗರದ ಹಳೇ ಮನೆಗಳ ಗೇಟಿನ ಹಿಂದೆ ಬೊಗಳುವ 'ಪಾಮ್' ಬಹುತೇಕ ಇಂಡಿಯನ್ ಸ್ಪಿಟ್ಜ್, ಆ ಪಟ್ಟಿಯ ಪೊಮೇರಿಯನ್ ಅಲ್ಲ. ಆದ್ದರಿಂದ ಪಟ್ಟಿಯನ್ನು ಹಾಗೇ ಇಲ್ಲಿಗೆ ಎಳೆದು ತರುವುದು ಸರಿಯಲ್ಲ. ತಳಿಗಿಂತ ಉಪಯೋಗಕ್ಕೆ ಬರುವುದು ಬೇರೆ ಮೂರು ಸುಳಿವು: ಎಂಟು ಒಂಬತ್ತು ದಾಟಿದ ವಯಸ್ಸು, ರಕ್ತದಲ್ಲಿ ಹೆಚ್ಚಿದ ಕೊಬ್ಬು, ಮತ್ತು ಹಾರ್ಮೋನಿನ ಕಾಯಿಲೆ. ಕುಶಿಂಗ್ಸ್ (ಮೈಯಲ್ಲಿ ಕಾರ್ಟಿಸೋಲ್ ಹಾರ್ಮೋನ್ ಹೆಚ್ಚಾಗುವ ಕಾಯಿಲೆ) ಇರುವ ನಾಯಿಗಳಲ್ಲಿ ಮ್ಯೂಕೋಸೀಲ್ ಉಳಿದವುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು, ಥೈರಾಯ್ಡ್ ಕಡಿಮೆ ಇರುವವುಗಳಲ್ಲೂ ಹೆಚ್ಚೇ. ಹೊಟ್ಟೆ ಜೋತುಬಿದ್ದು, ನೀರು ಮಗ್‌ಗಟ್ಟಲೆ ಕುಡಿದು, ಪಕ್ಕೆಯ ಕೂದಲು ಉದುರುತ್ತಿರುವ ನಾಯಿಯ ರಿಪೋರ್ಟಿನಲ್ಲಿ ಮ್ಯೂಕೋಸೀಲ್ ಎಂದಿದ್ದರೆ ಹಾರ್ಮೋನ್ ಪರೀಕ್ಷೆಯನ್ನು ಕೇಳಿ ಮಾಡಿಸಿ. ಅರಿಯದೆ ಕೊಯ್ದರೆ ಗಾಯ ಮಾಯುವುದು ನಿಧಾನ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಜಾಸ್ತಿ. ತುರಿಕೆಗೆಂದು ತಿಂಗಳುಗಟ್ಟಲೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಟ್ಟಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು, ಮುಚ್ಚಿಡುವ ವಿಷಯವಲ್ಲ.

ಈಗ ಕಷ್ಟದ ಪ್ರಶ್ನೆ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಿವಿ ಹಣ್ಣು ಕಂಡಿದೆ, ನಾಯಿ ಮಾತ್ರ ಬಾಲ ಆಡಿಸುತ್ತಿದೆ, ಊಟ ಸರಿಯಿದೆ. ಆಗಲೇ ಕೊಯ್ಯಬೇಕೆ? 'ಚೆನ್ನಾಗೇ ಇದೆಯಲ್ಲ ಸಾರ್, ತೊಂದರೆ ಆದಾಗ ನೋಡೋಣ' ಎಂದು ಮನೆಯವರು ಹೇಳುವುದು ಸಹಜ. ಅಂಕಿಗಳು ಹೇಳುವುದು ತಿರುಗಾಮುರುಗಾ. 2018ರಲ್ಲೇ ಪ್ರಕಟವಾದ 70 ನಾಯಿಗಳ ಇನ್ನೊಂದು ಲೆಕ್ಕದಲ್ಲಿ, ನಾಯಿ ಗಟ್ಟಿಯಿದ್ದಾಗ ದಿನ ಗೊತ್ತುಮಾಡಿ ಪಿತ್ತಕೋಶ ತೆಗೆದ 45ರಲ್ಲಿ ಸತ್ತದ್ದು ಒಂದು. ಕಾಯಿಲೆ ಬಿದ್ದ ಮೇಲೆ ಅವಸರದಲ್ಲಿ ಮಾಡಿದ 25ರಲ್ಲಿ ಸತ್ತದ್ದು ಐದು. ನೂರಕ್ಕೆ 2 ಮತ್ತು ನೂರಕ್ಕೆ 20. ಅದೇ ಅಂಗ, ಅದೇ ಆಪರೇಷನ್.

ಔಷಧಿಯ ದಾರಿ ಇಲ್ಲವೆಂದಲ್ಲ. ಅರ್ಸೋಡಿಆಕ್ಸಿಕೋಲಿಕ್ ಆ್ಯಸಿಡ್, ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಉಡಿಲಿವ್ ಎಂದು ಕೇಳಿದರೆ ಸಿಗುವ ಮಾತ್ರೆ, ದಿನಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ, ಊಟದ ಜೊತೆ. ಹತ್ತು ಕೆ.ಜಿ. ನಾಯಿಗೆ 150ರ ಒಂದು ಮಾತ್ರೆಯ ಲೆಕ್ಕ. ಜೊತೆಗೆ ಕೊಬ್ಬು ಕಡಿಮೆಯ ಆಹಾರ, ಥೈರಾಯ್ಡ್ ಕೊರತೆ ಇದ್ದರೆ ಅದಕ್ಕೆ ಮಾತ್ರೆ. ಕೆಲವು ಮ್ಯೂಕೋಸೀಲ್‌ಗಳು ಹೀಗೆ ಕರಗಿದ್ದೂ ಉಂಟು. ನಾಳ ಪೂರ್ತಿ ಕಟ್ಟಿರುವಾಗ ಈ ಮಾತ್ರೆ ಕೊಡುವಂತಿಲ್ಲ, ಅದು ಪಿತ್ತದ ಹರಿವನ್ನು ಹೆಚ್ಚಿಸುವ ಔಷಧಿ, ಹರಿಯಲು ಜಾಗವೇ ಇರುವುದಿಲ್ಲ. 2019ರ ಒಂದು ಅಧ್ಯಯನ 89 ನಾಯಿಗಳನ್ನು ಹಿಂಬಾಲಿಸಿತು. ಆಪರೇಷನ್ ಆದವು ಬದುಕಿದ ಮಧ್ಯಮ ಅವಧಿ (ಅರ್ಧದಷ್ಟು ನಾಯಿಗಳು ದಾಟಿದ ಅವಧಿ) 1,802 ದಿನ, ಬರೀ ಔಷಧಿಯವು 1,340 ದಿನ. ಔಷಧಿಯೂ ಆಗಿ ಆಪರೇಷನ್ನೂ ಆದವು 203 ದಿನ. ಮೂರನೆಯ ಗುಂಪು ಸಣ್ಣದು, ಅದರ ಮೇಲೆ ಬಹಳ ಕಟ್ಟಬಾರದು. ಆದರೂ ಔಷಧಿಯನ್ನು ನೆಚ್ಚಿ ಕೊನೆಗೆ ಕೈಚೆಲ್ಲಿ ಟೇಬಲ್ಲಿಗೆ ತರುವ ದಾರಿಯೇ ಮೂರರಲ್ಲಿ ಕೆಟ್ಟದ್ದು ಎಂಬ ಗುಮಾನಿ ಅದರಿಂದ ಗಟ್ಟಿಯಾಗುತ್ತದೆ. ಔಷಧಿ ಆರಿಸಿಕೊಳ್ಳುವವರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುವ ಶಿಸ್ತನ್ನೂ ಆರಿಸಿಕೊಳ್ಳಬೇಕು. ಅದು ಆಗುವುದಿಲ್ಲ ಎಂದಿದ್ದರೆ, ನಾಯಿ ಗಟ್ಟಿಯಿರುವಾಗಲೇ ಕೊಯ್ಸುವುದು ಮೇಲು.

ಆಪರೇಷನ್ನಿನ ಅರ್ಧ ಭಾಗ ಚಾಕು ಹಿಡಿಯುವ ಮುಂಚೆಯೇ ಮುಗಿದಿರುತ್ತದೆ. ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ರಕ್ತಕ್ಕೆ ಸೇರುವುದಿಲ್ಲ, ರಕ್ತ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡುವ ಪಿಟಿ, ಎಪಿಟಿಟಿ ಪರೀಕ್ಷೆ ಬೇಕು. ಕಾಯಲು ಅವಕಾಶವಿದ್ದರೆ ವಿಟಮಿನ್ ಕೆ1 ಇಂಜೆಕ್ಷನ್ ಚರ್ಮದ ಕೆಳಗೆ, 12 ಗಂಟೆಗೊಮ್ಮೆ. ಅದು ಕೆಲಸ ಮಾಡಲು ಅರ್ಧ ದಿನವಾದರೂ ಹಿಡಿಯುತ್ತದೆ, ಅಷ್ಟು ಪುರುಸೊತ್ತಿಲ್ಲದಿದ್ದರೆ ಬೇರೆ ನಾಯಿಯ ರಕ್ತದಿಂದ ತೆಗೆದ ಪ್ಲಾಸ್ಮಾ. ಎರ್ಲಿಕಿಯಾ ಇದ್ದರೆ ಪ್ಲೇಟ್‌ಲೆಟ್ ಕೂಡ ಇಳಿದಿರುತ್ತದೆ, ನಮ್ಮ ಊರಿನಲ್ಲಿ ಇದನ್ನು ಮರೆಯುವಂತಿಲ್ಲ. ರಕ್ತ ಕೊಡುವ ನಾಯಿಯನ್ನು ಮೊದಲೇ ಗೊತ್ತುಮಾಡಿಟ್ಟಿರಬೇಕು: 25 ಕೆ.ಜಿ. ಮೀರಿದ, ಲಸಿಕೆ ಆದ, ಉಣ್ಣೆ ಜ್ವರವಿಲ್ಲದ ನಾಯಿ. ಎಲ್ಲಿ ಮಾಡಿಸುವುದು ಎಂಬುದಕ್ಕೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೂ ಇದೆ, ಖಾಸಗಿ ಆಸ್ಪತ್ರೆಗಳೂ ಇವೆ. ಬೋರ್ಡು ನೋಡುವ ಬದಲು ನಾಲ್ಕು ಪ್ರಶ್ನೆ ಕೇಳಿ. ರಾತ್ರಿ ಪೂರ್ತಿ ಯಾರಿರುತ್ತಾರೆ? ಅನಸ್ತೇಷಿಯಾ ನೋಡಿಕೊಳ್ಳಲು ಬೇರೆಯೇ ಒಬ್ಬರು ಇದ್ದಾರೆಯೇ? ಬಿಪಿ ಅಳೆಯುವ ಯಂತ್ರವಿದೆಯೇ? ಖರ್ಚಿನ ಅಂದಾಜು ಬರೆದುಕೊಡುತ್ತಾರೆಯೇ? ವಾಂತಿ ಮಾಡುವ ನಾಯಿಯನ್ನು ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್‌ನಿಂದ ಹೆಬ್ಬಾಳಕ್ಕೆ ಒಯ್ಯುವುದು ಎಂದರೇನು ಎಂಬುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ದಿನ ಗೊತ್ತುಮಾಡಿದ ಆಪರೇಷನ್ನಿಗೆ ಇದೂ ಒಂದು ವಾದ.

ಟೇಬಲ್ ಮೇಲೆ ನಾಯಿಯನ್ನು ಅಂಗಾತ ಮಲಗಿಸಿ, ಎದೆಮೂಳೆಯ ತುದಿಯಿಂದ ಹೊಕ್ಕುಳು ದಾಟುವವರೆಗೆ ಉದ್ದಕ್ಕೆ ಸೀಳುತ್ತಾರೆ. ಸಣ್ಣ ಸೀಳಿನ ಆಸೆ ಇಲ್ಲಿ ಬೇಡ. ಪಿತ್ತಕೋಶ ಪಕ್ಕೆಲುಬಿನ ಗೂಡಿನೊಳಗೆ ಆಳದಲ್ಲಿದೆ, ಕಾಣದಿದ್ದನ್ನು ಎಳೆದಾಡಿದರೆ ಲಿವರ್ ಹರಿಯುತ್ತದೆ. ಸೀಳಿನ ಬಾಯಿಗೆ ಅಡ್ಡ ಬರುವ ಕೊಬ್ಬಿನ ಪಟ್ಟಿಯನ್ನು ತೆಗೆದು, ಸೀಳನ್ನು ಅಗಲಿಸಿ ಹಿಡಿಯುವ ರಿಟ್ರಾಕ್ಟರ್ ಇಟ್ಟು, ಬೆಚ್ಚಗಿನ ಸಲೈನಿನಲ್ಲಿ ಅದ್ದಿದ ಬಟ್ಟೆಗಳಿಂದ ಸುತ್ತಲೂ ಕಟ್ಟೆ ಕಟ್ಟಬೇಕು. ಒಂದು ಹನಿ ಪಿತ್ತವೂ ಆ ಕಟ್ಟೆ ದಾಟಬಾರದು.

ಮುಂದಿನ ನಿರ್ಧಾರ, ನಾಳ ತೆರೆದಿದೆಯೇ ಎಂಬುದು. ನಾಳ ಕಟ್ಟಿಕೊಂಡೇ ಇದ್ದು ಪಿತ್ತಕೋಶ ಮಾತ್ರ ತೆಗೆದರೆ ಕಾಮಾಲೆ ಇಳಿಯುವುದಿಲ್ಲ. ಎರಡು ದಾರಿ: ಪಿತ್ತಕೋಶದ ಕಡೆಯಿಂದ ಕ್ಯಾತಿಟರ್ ಎಂಬ ತೆಳು ನಳಿಕೆ ಇಳಿಸಿ ಸಲೈನ್ ಹಾಯಿಸುವುದು, ಅಥವಾ ಕರುಳನ್ನು ತುಸು ಸೀಳಿ ನಾಳದ ಬಾಯಿಂದ ಮೇಲಕ್ಕೆ ಹೋಗುವುದು. ಎರಡನೆಯದರಲ್ಲಿ ಕೈ ಹಿಡಿತ ಚೆನ್ನಾಗಿ ಸಿಗುತ್ತದೆ, ಆದರೆ ಕರುಳಿಗೆ ಒಂದು ಹೊಲಿಗೆ ಹೆಚ್ಚು, ಪ್ಯಾಂಕ್ರಿಯಾಸ್‌ಗೂ ಕಿರಿಕಿರಿ. ಕಾಮಾಲೆಯಿಲ್ಲದ, ನಾಳ ಹಿಗ್ಗದ ನಾಯಿಯಲ್ಲಿ ಈ ಕೆಲಸವನ್ನು ರೂಢಿಗಾಗಿ ಮಾಡುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಕೆಲವರು ಇದಕ್ಕೆ ಒಪ್ಪುವುದಿಲ್ಲ.

ಆಮೇಲೆ ಬಿಡಿಸುವ ಕೆಲಸ. ಚೀಲ ಮತ್ತು ಲಿವರ್ ನಡುವಿನ ತೆಳು ಪೊರೆಯನ್ನು ಕತ್ತರಿಸಿ, ಒದ್ದೆ ಹತ್ತಿಯ ತುದಿಯಿಂದಲೋ ಸಕ್ಷನ್ ನಳಿಕೆಯಿಂದಲೋ ಒತ್ತುತ್ತಾ ಸುಲಿಯುವುದು. ಗೋಡೆ ಆರೋಗ್ಯವಾಗಿದ್ದರೆ ಹದವಾಗಿ ಬೆಂದ ಅವರೆಕಾಳು ಹಿತುಕಿದಷ್ಟು ಸಲೀಸು. ಕೊಳೆತಿದ್ದರೆ ಬೆರಳಿಗೇ ಹರಿಯುತ್ತದೆ. ಸುಲಿದ ಜಾಗದಲ್ಲಿ ಲಿವರ್ ರಕ್ತ ಜಿನುಗಿಸುತ್ತದೆ, ಅದಕ್ಕೆ ಐದು ನಿಮಿಷ ಒತ್ತಿಹಿಡಿಯುವುದು, ಬೇಕಾದರೆ ಜೆಲಾಟಿನ್ ಸ್ಪಂಜು. ಇದೇ ಹೊತ್ತಿನಲ್ಲಿ ವೇಗಸ್ ನರ ಕೆರಳಿ ನಾಯಿಯ ಹೃದಯಬಡಿತ ದಿಢೀರನೆ ಕುಸಿಯಬಹುದು. ಅನಸ್ತೇಷಿಯಾದವರ ಕೈಯಲ್ಲಿ ಬಡಿತ ಏರಿಸುವ ಅಟ್ರೋಪಿನ್ ತುಂಬಿದ ಸಿರಿಂಜ್ ಇರಬೇಕು, ಕಪಾಟಿನಲ್ಲಿ ಅಲ್ಲ.

ಕೊನೆಗೆ ಚೀಲದ ಕುತ್ತಿಗೆ. ಅಲ್ಲಿಯ ನಾಳ ಮತ್ತು ರಕ್ತನಾಳಕ್ಕೆ ಎರಡೆರಡು ಗಂಟು ಅಥವಾ ಕ್ಲಿಪ್ ಹಾಕಿ ಕತ್ತರಿಸುವುದು. ಎಲ್ಲಿ ಗಂಟು ಹಾಕಬೇಕೆಂಬುದರಲ್ಲೇ ಕೈಚಳಕ: ತೀರ ಕೆಳಗೆ ಹಾಕಿದರೆ ಮುಖ್ಯ ನಾಳ ಕುಗ್ಗುತ್ತದೆ, ತೀರ ಮೇಲೆ ಹಾಕಿದರೆ ಲೋಳೆ ಸುರಿಸುವ ತುಂಡೊಂದು ಒಳಗೇ ಉಳಿಯುತ್ತದೆ, ಕೊಳೆತ ಭಾಗಕ್ಕೆ ಹಾಕಿದರೆ ಮೂರನೇ ದಿನ ಜಾರುತ್ತದೆ. ಚೀಲ ತೆಗೆಯದೆ ಬರೀ ಸೀಳಿ ಲೋಳೆ ಬಳಿದು ಹೊಲಿಯುವುದು ಅಗ್ಗದ ದಾರಿಯ ಹಾಗೆ ಕಾಣುತ್ತದೆ. ಆದರೆ ಲೋಳೆ ಹುಟ್ಟುವುದೇ ಆ ಗೋಡೆಯಲ್ಲಿ, ಹಾಗಾಗಿ ಅದು ಮತ್ತೆ ಕಟ್ಟುತ್ತದೆ. ತೊಡಕಿಲ್ಲದ ಕೇಸುಗಳಲ್ಲಿ ಲ್ಯಾಪರೋಸ್ಕೋಪಿಯಿಂದಲೂ (ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ) ಇದೆಲ್ಲ ಸಾಧ್ಯ, ಒಡೆದಿದ್ದರೆ ಅಥವಾ ನಾಳ ಕಟ್ಟಿದ್ದರೆ ತೆರೆದ ಹೊಟ್ಟೆಯೇ ಸರಿ.

ಒಡೆದು ಸೋರಿದ್ದರೆ ಹೊಟ್ಟೆಯನ್ನು ಬೆಚ್ಚಗಿನ ಸಲೈನಿನಿಂದ ತೊಳೆಯಬೇಕು, ಕೆ.ಜಿ.ಗೆ 200ರಿಂದ 300 ಮಿ.ಲೀ. ಹತ್ತು ಕೆ.ಜಿ. ನಾಯಿಗೆ ಎರಡು ಮೂರು ಲೀಟರ್ ಆಯಿತು. ಬಾಟಲಿಗಳನ್ನು ಮೊದಲೇ ಬಿಸಿನೀರಿನಲ್ಲಿ ಇಟ್ಟಿರದಿದ್ದರೆ ತಣ್ಣನೆಯ ಸಲೈನೇ ನಾಯಿಯನ್ನು ನಡುಗಿಸಿಬಿಡುತ್ತದೆ. ಸೋರಿದ ಪಿತ್ತದಲ್ಲಿ ಸೋಂಕು ಇದೆಯೋ ಇಲ್ಲವೋ ಎಂಬುದೇ ನಾಯಿಯ ಹಣೆಬರಹ. 24 ನಾಯಿ ಮತ್ತು 2 ಬೆಕ್ಕುಗಳ 1997ರ ವರದಿಯೊಂದರಲ್ಲಿ ಸೋಂಕಿಲ್ಲದವೆಲ್ಲ ಬದುಕಿದವು, ಸೋಂಕಿದ್ದವುಗಳಲ್ಲಿ ಉಳಿದದ್ದು ನೂರಕ್ಕೆ 27.

ಹೊಲಿಗೆ ಬಿದ್ದಾಗ ಮನೆಯವರು ನಿಟ್ಟುಸಿರು ಬಿಡುತ್ತಾರೆ. ನಿಜವಾದ ಪರೀಕ್ಷೆ ಮುಂದಿನ ಮೂರು ದಿನ. ಆಪರೇಷನ್ ಆದ ಕೂಡಲೇ ಬಿಪಿ ಇಳಿದಿರುವ, ರಕ್ತದ ಲ್ಯಾಕ್ಟೇಟ್ (ಅಂಗಗಳಿಗೆ ಆಮ್ಲಜನಕ ಸಾಲದಾಗ ಹೆಚ್ಚುವ ಅಂಶ) ಏರಿರುವ ನಾಯಿಗಳು ಉಳಿಯುವುದು ಕಷ್ಟ. ಹಾಗಾಗಿ ಮೊದಲ ರಾತ್ರಿ ಗಂಟೆಗೊಮ್ಮೆ ಅಳೆಯುವ ಜನ ಬೇಕು. ಪ್ಯಾಂಕ್ರಿಯಾಸ್ ಊತ, ವಾಂತಿ ಉಸಿರುನಾಳಕ್ಕೆ ಹೋಗಿ ನ್ಯುಮೋನಿಯಾ, ಪಿತ್ತ ಸೋರಿಕೆ, ಶ್ವಾಸಕೋಶದಲ್ಲಿ ಹೆಪ್ಪು: ಕೊಲ್ಲುವವು ಇವು. ಬಿಲಿರುಬಿನ್ ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯುತ್ತಿದ್ದದ್ದು ಮೂರು ನಾಲ್ಕನೇ ದಿನ ಮತ್ತೆ ಏರಿದರೆ, ಹೊಟ್ಟೆ ಉಬ್ಬಿ ನಾಯಿ ಮಂಕಾದರೆ, ಗಂಟು ಜಾರಿರಬಹುದು. ನೋವಿಗೆ ಬ್ಯುಪ್ರೆನಾರ್ಫಿನ್ ಥರದ್ದು ಸರಿ. ಮನೆಯಲ್ಲಿ ಉಳಿದಿದ್ದ ನೋವಿನ ಔಷಧಿ ಮೆಲಾಕ್ಸಿಕಾಮ್ ಹಾಕಬೇಡಿ, ಬಿಪಿ ಕುಸಿದ ನಾಯಿಯ ಕಿಡ್ನಿಗೆ ಅದು ವಿಷ. ಎರಡನೇ ದಿನದಿಂದಲೇ ಊಟ ಶುರುವಾಗಬೇಕು: ಚರ್ಮ, ಕೊಬ್ಬು ತೆಗೆದು ಬೇಯಿಸಿದ ಕೋಳಿ ಎದೆ ಮಾಂಸ, ಮೆತ್ತಗಿನ ಅನ್ನ, ಎರಡು ಮೂರು ಚಮಚದಷ್ಟು, ನಾಲ್ಕೈದು ಗಂಟೆಗೊಮ್ಮೆ. ತಾನಾಗಿ ತಿನ್ನದಿದ್ದರೆ ಕುತ್ತಿಗೆಯ ಮೂಲಕ ಹಾಕುವ ಫೀಡಿಂಗ್ ಟ್ಯೂಬ್ ನೋಡಲು ಭಯಂಕರ, ಉಪಯೋಗದಲ್ಲಿ ಬಹಳ ಸುಲಭ.

ಎರಡು ವಾರ ದಾಟಿದ ನಾಯಿಗಳು ಸಾಮಾನ್ಯವಾಗಿ ವರ್ಷಗಟ್ಟಲೆ ಚೆನ್ನಾಗಿರುತ್ತವೆ. ಪಿತ್ತಕೋಶವಿಲ್ಲದೆ ಪಿತ್ತ ಹನಿಹನಿಯಾಗಿ ಸದಾ ಕರುಳಿಗೆ ಇಳಿಯುತ್ತಿರುತ್ತದೆ. ಕೆಲವು ದಿನ ಮಲ ಸ್ವಲ್ಪ ಸಡಿಲ, ಅಷ್ಟೇ. ಯುಗಾದಿಯ ಹೋಳಿಗೆ ಮೇಲಿನ ತುಪ್ಪ, ಭಾನುವಾರದ ಕೋಳಿ ಚರ್ಮ ಮಾತ್ರ ಕಾಯಂ ಬಂದ್. ಲಿವರ್ ಕಿಣ್ವಗಳು ಪೂರ್ತಿ ಇಳಿಯದೆಯೂ ಇರಬಹುದು. ಎರಡು ವಾರಕ್ಕೆ, ಆಮೇಲೆ ಮೂರು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ ಸಂಖ್ಯೆಗಳನ್ನು ಒಂದೇ ಹಾಳೆಯಲ್ಲಿ ಬರೆದಿಡಿ.

ಇನ್ನೊಂದು ಉಳಿದಿದೆ, ಬಹಳ ಮನೆಯವರು ಮರೆಯುವುದು. ಆಪರೇಷನ್ ದಿನ ಪಿತ್ತಕೋಶದ ಗೋಡೆಯ ತುಂಡು, ಲಿವರ್‌ನ ಒಂದು ಚೂರು ಫಾರ್ಮಲಿನ್ ಡಬ್ಬಿಗೂ, ಪಿತ್ತ ಕಲ್ಚರಿಗೂ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಹೋಗಿರುತ್ತವೆ. ಕಲ್ಚರ್ ವರದಿ ಮೂರ್ನಾಲ್ಕು ದಿನಕ್ಕೆ ಬರುತ್ತದೆ, ಬಯಾಪ್ಸಿಯದ್ದು ಇನ್ನೂ ತಡ. ಅಷ್ಟರಲ್ಲಿ ನಾಯಿ ಗೇಟಿನ ಹತ್ತಿರ ಹಾಲಿನವನಿಗೆ ಬೊಗಳುತ್ತಿರುತ್ತದೆ, ವರದಿ ಕೇಳಲು ಯಾರೂ ಹೋಗುವುದಿಲ್ಲ. ಹೋಗಿ ತನ್ನಿ. ಕಲ್ಚರಿನಲ್ಲಿ ಏನೂ ಬೆಳೆದಿಲ್ಲವೆಂದರೆ ಕೊಡುತ್ತಿರುವ ಆ್ಯಂಟಿಬಯಾಟಿಕ್ ನಿಲ್ಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಈ. ಕೋಲಿ ಬ್ಯಾಕ್ಟೀರಿಯಾ ಬೆಳೆದಿದ್ದರೆ ಆ ಔಷಧಿ ಅದಕ್ಕೆ ಬಗ್ಗುತ್ತದೆಯೇ ಎಂಬುದು ಅದೇ ಹಾಳೆಯ ಕೆಳಗಿನ ಪಟ್ಟಿಯಲ್ಲಿರುತ್ತದೆ.